ಮೂವತ್ತನೆಯ ಹೆಸರು: ಎನ್‌ಬಿಎ ಡ್ರಾಫ್ಟಿನ ಮೊದಲ ಸುತ್ತನ್ನು ಮುಂಗಾಣುವ ಲೆಕ್ಕಾಚಾರ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2011ರ ಡ್ರಾಫ್ಟಿನಲ್ಲಿ ಷಿಕಾಗೊ ಬುಲ್ಸ್ ತಂಡ ಮೊದಲ ಸುತ್ತಿನ ಕಟ್ಟಕಡೆಯ ಸರದಿಯಲ್ಲಿ, ಅಂದರೆ 30ನೆಯವರಾಗಿ, ಜಿಮ್ಮಿ ಬಟ್ಲರ್ ಅವರನ್ನು ಆರಿಸಿಕೊಂಡಿತು. ಇನ್ನೊಂದೇ ಸ್ಥಾನ ಜಾರಿದ್ದರೆ ಅವರು ಎರಡನೆಯ ಸುತ್ತಿನವರಾಗುತ್ತಿದ್ದರು. ಆಟದ ದೃಷ್ಟಿಯಿಂದ 30ಕ್ಕೂ 31ಕ್ಕೂ ಏನೂ ಅಂತರವಿಲ್ಲ. ಒಪ್ಪಂದದ ದೃಷ್ಟಿಯಿಂದ ಬಹಳ ಇದೆ. ಮೊದಲ ಸುತ್ತಿನವರಿಗೆ ನಿಗದಿತ ವೇತನಶ್ರೇಣಿಯಲ್ಲಿ ಎರಡು ವರ್ಷಗಳ ಖಾತರಿ, ತಂಡ ಬಯಸಿದರೆ ಮತ್ತೆರಡು ವರ್ಷ. ಎರಡನೆಯ ಸುತ್ತಿನವರಿಗೆ ಅಂಥ ಖಾತರಿಯನ್ನು ನಿಯಮ ಕೊಡುವುದಿಲ್ಲ. ಮನುಷ್ಯರು ಎಳೆದ ಈ ಗೆರೆಯ ಯಾವ ಬದಿಗೆ ಒಬ್ಬ ಆಟಗಾರ ಬೀಳುತ್ತಾನೆ ಎಂದು ಮೊದಲೇ ಹೇಳಬಹುದೇ? ಹೇಳಿದರೆ, ಹಾಗೆ ಹೇಳಿದ್ದು ಯಾವುದರ ಬಗ್ಗೆ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವೆಂದು ನಾನು ಭಾವಿಸುತ್ತೇನೆ. ಈ ಲೇಖನ ಬಹುಪಾಲು ಅದನ್ನೇ ಕುರಿತದ್ದು.

ಐಪಿಎಲ್ ಮತ್ತು ಪ್ರೊ ಕಬಡ್ಡಿಯ ಹರಾಜುಗಳನ್ನು ನೋಡಿ ಬಲ್ಲ ನಮ್ಮ ಓದುಗರಿಗೆ ಒಂದು ಮಾತು ಹೇಳಬೇಕು. ಡ್ರಾಫ್ಟ್ ಹರಾಜಲ್ಲ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ತಂಡಗಳು ಸರದಿಯಂತೆ ಬಂದು ಉಳಿದವರಲ್ಲಿ ಒಬ್ಬರ ಹೆಸರು ಹೇಳುತ್ತವೆ, ಅಷ್ಟೆ. ಹಿಂದಿನ ಋತುವಿನಲ್ಲಿ ಸೋತು ಹಿಂದುಳಿದ ತಂಡಕ್ಕೆ ಮುಂಚಿನ ಸರದಿ ಸಿಗಬೇಕೆಂಬುದು ಮೂಲ ಆಶಯ. ಬೇಕೆಂದೇ ಸೋಲುವವರನ್ನು ತಡೆಯಲು 1985ರಲ್ಲಿ ಲಾಟರಿ ಬಂತು. ಈಗ ಪ್ಲೇಆಫ್ ತಲುಪದ 14 ತಂಡಗಳ ನಡುವೆ ಮೊದಲ ನಾಲ್ಕು ಸ್ಥಾನಗಳಿಗೆ ಚೀಟಿ ಎತ್ತುವಂಥ ವ್ಯವಸ್ಥೆಯಿದೆ: 14 ಚೆಂಡುಗಳಿಂದ ನಾಲ್ಕನ್ನು ತೆಗೆದರೆ 1,001 ಜೋಡಣೆಗಳು, ಅವುಗಳಲ್ಲಿ 1,000ವನ್ನು ತಂಡಗಳಿಗೆ ಹಂಚಲಾಗುತ್ತದೆ. 2019ರಿಂದ ಅತಿ ಹಿಂದುಳಿದ ಮೂರು ತಂಡಗಳಿಗೆ ಮೊದಲ ಸ್ಥಾನದ ಅವಕಾಶ ತಲಾ ಶೇ 14. 2025ರಲ್ಲಿ ಶೇ 1.8ರಷ್ಟೇ ಅವಕಾಶವಿದ್ದ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ ಮೊದಲ ಸರದಿ ದಕ್ಕಿ, ಅದು ಕೂಪರ್ ಫ್ಲ್ಯಾಗ್ ಅವರನ್ನು ಆರಿಸಿತು. ಆದರೆ ಲಾಟರಿ ಅದಲುಬದಲು ಮಾಡುವುದು ಯಾವ ತಂಡ ಯಾವಾಗ ಆರಿಸುತ್ತದೆ ಎಂಬುದನ್ನು. ಯಾರು ಆ ಮೂವತ್ತರೊಳಗೆ ಬರುತ್ತಾರೆ ಎಂಬುದನ್ನು ಅದು ಹೆಚ್ಚು ಕದಲಿಸುವುದಿಲ್ಲ. ನಮ್ಮ ಕೆಲಸಕ್ಕೆ ಇದೊಂದು ಅನುಕೂಲ.

ಎರಡು ಪ್ರಶ್ನೆಗಳ ಗೊಂದಲ

ಮುನ್ನಂದಾಜಿನ ಬರಹಗಳಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡುಬಿಡುತ್ತವೆ. ಯಾರು ಒಳ್ಳೆಯ ಆಟಗಾರರಾಗುತ್ತಾರೆ ಎಂಬುದು ಒಂದು. ಯಾರನ್ನು ತಂಡಗಳು ಆರಿಸುತ್ತವೆ ಎಂಬುದು ಇನ್ನೊಂದು. 2013ರ ಡ್ರಾಫ್ಟನ್ನು ನೋಡಿ. ಮೊದಲು ಆಯ್ಕೆಯಾದ ಆಂಥೊನಿ ಬೆನೆಟ್ ಎನ್‌ಬಿಎಯಲ್ಲಿ ಉಳಿದದ್ದು ನಾಲ್ಕು ಋತು. ಗ್ರೀಸ್‌ನ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ಯಾನಿಸ್ ಆಂಟೆಟೊಕುಂಪೊ 15ನೆಯವರಾದರು. ರೂಡಿ ಗೊಬೇರ್ 27ನೆಯವರು. ಮರುವರ್ಷ ನಿಕೊಲಾ ಯೋಕಿಚ್ 41ನೆಯ ಸ್ಥಾನದಲ್ಲಿ, ಮೊದಲ ಸುತ್ತಿನಿಂದ ದೂರ ಹೊರಗೆ, ಆಯ್ಕೆಯಾದರು. ಮುಂದೆ 2021, 2022 ಮತ್ತು 2024ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರೆಂಬ ಪ್ರಶಸ್ತಿ ಪಡೆದರು. 2014ರಲ್ಲಿ ಯಾವುದಾದರೂ ಗಣಿತದ ಮಾದರಿ ಯೋಕಿಚ್ ಮೊದಲ ಸುತ್ತಿಗೆ ಬರುತ್ತಾರೆಂದು ಹೇಳಿದ್ದರೆ ಅದು ಆಟಗಾರನನ್ನು ಸರಿಯಾಗಿ ಕಂಡಂತಾಗುತ್ತಿತ್ತು, ಡ್ರಾಫ್ಟನ್ನು ತಪ್ಪಾಗಿ ಹೇಳಿದಂತಾಗುತ್ತಿತ್ತು. ಮೊದಲ ಸುತ್ತನ್ನು ಮುಂಗಾಣುವವನು ಅಳೆಯುತ್ತಿರುವುದು ಮೂವತ್ತು ತಂಡಗಳ ತೀರ್ಮಾನವನ್ನು. ಆ ತೀರ್ಮಾನದಲ್ಲಿ ದೋಷವಿದ್ದರೆ ಒಳ್ಳೆಯ ಮಾದರಿ ಆ ದೋಷವನ್ನೂ ಕಲಿಯಬೇಕಾಗುತ್ತದೆ.

ಡೇವಿಡ್ ಬೆರಿ, ಸ್ಟೇಸಿ ಬ್ರೂಕ್ ಮತ್ತು ಆಜು ಫೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಮಹತ್ವ ಇರುವುದು ಇಲ್ಲೇ. ಕಾಲೇಜು ಆಟಗಾರರ ಡ್ರಾಫ್ಟ್ ಸ್ಥಾನವನ್ನು ಹೆಚ್ಚು ಪ್ರಭಾವಿಸುವುದು ಅವರು ಗಳಿಸಿದ ಪಾಯಿಂಟುಗಳು ಎಂದು ಅವರು ತೋರಿಸಿದರು. ಎಳೆಯ ವಯಸ್ಸು, ಆಡುವ ಸ್ಥಾನಕ್ಕೆ ಹೋಲಿಸಿದ ಎತ್ತರ, ತಂಡ ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆ ಎನ್‌ಸಿಎಎಯ ಪಂದ್ಯಾವಳಿಯ ಕೊನೆಯ ನಾಲ್ಕಕ್ಕೆ ತಲುಪಿದ್ದು, ಇವೂ ಸ್ಥಾನವನ್ನು ಮೇಲೆತ್ತುತ್ತವೆ. ಆದರೆ ಸ್ಥಾನ ಮೇಲೆತ್ತುವ ಅಂಶಗಳಲ್ಲಿ ಹಲವಕ್ಕೆ ವೃತ್ತಿಜೀವನದ ಉತ್ಪಾದಕತೆಯೊಂದಿಗೆ ಗಟ್ಟಿ ಸಂಬಂಧವಿಲ್ಲ ಎಂಬುದು ಅವರ ತೀರ್ಮಾನ. ಮಾರ್ಚ್ ತಿಂಗಳ ಆ ಪಂದ್ಯಾವಳಿಯ ಹೊಳಪಿಗೆ ಮರುಳಾಗಬಾರದು ಎಂಬ ಮಾತು ಇದರಿಂದ ಬಲಗೊಂಡಿತು. ಮರುವರ್ಷ ಕೇಸಿ ಇಕ್ನಿಯೋವ್‌ಸ್ಕಿ ಮತ್ತು ಆನ್ ಪ್ರೆಸ್ಟನ್ ಅದೇ ಪಂದ್ಯಾವಳಿಯನ್ನು ಬೇರೆ ಬಗೆಯಲ್ಲಿ ನೋಡಿದರು. ನಿರೀಕ್ಷೆ ಮೀರಿ ಆಡಿದವರ ಸ್ಥಾನ ಮೇಲೇರುವುದು ನಿಜ; ಆದರೆ ತಂಡಗಳು ಅದಕ್ಕೆ ಅತಿಯಾದ ಬೆಲೆ ಕೊಡುತ್ತಿಲ್ಲ, ಕೊಡಬೇಕಾದ್ದಕ್ಕಿಂತ ಕಡಿಮೆಯೇ ಕೊಡುತ್ತಿರಬಹುದು ಎಂದು ಅವರು ಕಂಡುಕೊಂಡರು. ಎರಡು ಅಧ್ಯಯನಗಳೂ ಒಂದನ್ನೊಂದು ಅಲ್ಲಗಳೆಯುತ್ತವೆ ಎಂದು ನನಗನ್ನಿಸುವುದಿಲ್ಲ. ತಂಡ ಕೊನೆಯ ನಾಲ್ಕಕ್ಕೆ ಬಂದದ್ದು ಒಬ್ಬನ ಗುಣಕ್ಕೆ ಸಾಕ್ಷಿಯಲ್ಲ. ಪ್ರಬಲ ಎದುರಾಳಿಯ ಮುಂದೆ ಅವನೇ ನಿರೀಕ್ಷೆ ಮೀರಿ ಆಡಿದ್ದು ಸಾಕ್ಷಿ. ಮಾದರಿ ಕಟ್ಟುವವರು ಇವೆರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ತಪ್ಪು ಅಲ್ಲಿಂದಲೇ ಶುರು.

ದೇಹದ ಅಳತೆ, ಹಡಗಲಿಯ ನಂಟು

ಪ್ರತಿ ವರ್ಷ ಮೇ ತಿಂಗಳಲ್ಲಿ ಷಿಕಾಗೊದಲ್ಲಿ ಅಭ್ಯರ್ಥಿಗಳ ದೇಹ ಅಳೆಯುತ್ತಾರೆ: ಬೂಟಿಲ್ಲದ ಎತ್ತರ, ಚಾಚಿದ ತೋಳುಗಳ ಅಗಲ, ನಿಂತು ಕೈಯೆತ್ತಿದಾಗಿನ ಎಟುಕು, ಜಿಗಿತ, ಓಟ. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ಒಬ್ಬ ವ್ಯಕ್ತಿ ಯಾವ ಗುಂಪಿಗೆ ಸೇರಿದವನು ಎಂದು ನಿರ್ಧರಿಸುವ ಗಣಿತದ ಕಥೆಯಲ್ಲಿ ನಮ್ಮ ನೆಲದ ಹೆಸರೊಂದಿದೆ. ಆರ್.ಎ. ಫಿಷರ್ 1936ರಲ್ಲಿ ಎರಡು ಗುಂಪುಗಳನ್ನು ಬೇರ್ಪಡಿಸುವ ರೇಖೀಯ ಸೂತ್ರ ಕೊಟ್ಟರು. ಅದೇ ವರ್ಷ ಪಿ.ಸಿ. ಮಹಲನೋಬಿಸ್ ಗುಂಪುಗಳ ನಡುವಿನ ದೂರವನ್ನು ಅಳೆಯುವ ತಮ್ಮ ಪ್ರಸಿದ್ಧ ಮಾನವನ್ನು ಮಂಡಿಸಿದರು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್, ಕೇಂಬ್ರಿಜ್‌ನ ಸಂಗ್ರಹಾಲಯದಲ್ಲಿ ಸೂಡಾನಿನ ಜೆಬೆಲ್ ಮೊಯಾದಿಂದ ತಂದ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುತ್ತ, 1948ರಲ್ಲಿ ಈ ವಿಧಾನವನ್ನು ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ವಿಸ್ತರಿಸಿದರು. ಅಸ್ಥಿಯ ಅಳತೆಗೂ ಆಟಗಾರನ ಅಳತೆಗೂ ಇರುವ ತೊಡಕು ಒಂದೇ. ಎತ್ತರದವನ ತೋಳು ಸಹಜವಾಗಿಯೇ ಉದ್ದ. ಎರಡನ್ನೂ ಬೇರೆಬೇರೆ ಸಾಕ್ಷಿಗಳೆಂದು ಎಣಿಸಿದರೆ ಒಂದೇ ಮಾತನ್ನು ಎರಡು ಸಲ ಕೇಳಿದಂತೆ. ತನ್ನ ಎತ್ತರಕ್ಕೆ ಹೋಲಿಸಿದರೆ ಯಾರ ತೋಳು ಮಿಗಿಲು ಎಂಬುದೇ ಹೊಸ ಸುದ್ದಿ.

ಹಾಗೆಂದು ಫಿಷರ್ ಮತ್ತು ರಾವ್ ಅವರ ವಿಧಾನವನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಬಳಸಲಾಗದು. ‘ಮೊದಲ ಸುತ್ತಿನವರು’ ಎಂಬುದು ಸಹಜವಾದ ಒಂದು ಗುಂಪಲ್ಲ. ಚುರುಕಾದ ಗಾರ್ಡ್ ಮತ್ತು ಏಳಡಿಯ ಸೆಂಟರ್ ಇಬ್ಬರೂ ಅದರಲ್ಲಿದ್ದಾರೆ; ಇಬ್ಬರ ಸರಾಸರಿ ತೆಗೆದರೆ ಅಂಥ ಆಟಗಾರ ಎಲ್ಲೂ ಇರುವುದಿಲ್ಲ. ಆಡುವ ಸ್ಥಾನಕ್ಕೆ ತಕ್ಕಂತೆ ಬೇರೆಬೇರೆ ಮಾದರಿಗಳು ಬೇಕೇ ಬೇಕು. ಬಲಪರೀಕ್ಷೆಯ ವಿಷಯದಲ್ಲಂತೂ 2007ರ ಪಾಠ ಇದೆ: 185 ಪೌಂಡಿನ ಬೆಂಚ್ ಪ್ರೆಸ್ ಅನ್ನು ಕೆವಿನ್ ಡ್ಯುರಾಂಟ್ ಒಮ್ಮೆಯೂ ಎತ್ತಲಾಗಲಿಲ್ಲ, ಆದರೂ ಎರಡನೆಯವರಾಗಿ ಆಯ್ಕೆಯಾದರು. ತಂಡಗಳು ಆ ಸೊನ್ನೆಯನ್ನು ಬದಿಗಿಟ್ಟವು, ಅದು ಸರಿಯೂ ಆಗಿತ್ತು.

ಎಷ್ಟು ಆಟಕ್ಕೆ ಎಷ್ಟು ನಂಬಿಕೆ

ಕಾಲೇಜು ಋತು ಎಂದರೆ ಸುಮಾರು 30ರಿಂದ 35 ಪಂದ್ಯ. ಒಬ್ಬ ಆಟಗಾರ ಮೂರು ಪಾಯಿಂಟಿನ 100 ಎಸೆತಗಳಲ್ಲಿ 35 ಹಾಕಿದನೆನ್ನಿ. ಈ ಶೇ 35ರ ಪ್ರಮಾಣದೋಷ ಸುಮಾರು 4.8 ಅಂಕ, ಅವನ ನಿಜವಾದ ಕೌಶಲ ಶೇ 30 ಇರಬಹುದು, 40 ಕೂಡ ಇರಬಹುದು. ಒಂದು ತುದಿಯಲ್ಲಿ ಅವನು ಸಾಧಾರಣ, ಇನ್ನೊಂದರಲ್ಲಿ ಅಪರೂಪ. ಸ್ಕೌಟುಗಳು ಫ್ರೀ ಥ್ರೋ ಪ್ರಮಾಣವನ್ನೂ ಕೈಯ ಚಲನೆಯನ್ನೂ ಗಮನಿಸುವುದು ಇದಕ್ಕಾಗಿ. ಎದುರಾಳಿಗಳ ಬಲವನ್ನೂ ಸರಿದೂಗಿಸಬೇಕು. ಸ್ಟೀಫನ್ ಕರಿ 2008–09ರಲ್ಲಿ ಪಂದ್ಯಕ್ಕೆ ಸರಾಸರಿ 28.6 ಪಾಯಿಂಟ್ ಗಳಿಸಿ ಇಡೀ ದೇಶದಲ್ಲಿ ಮುಂದಿದ್ದರು. ಆದರೆ ಆಡಿದ್ದು ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿಗೆ, ಮೈಕಟ್ಟು ತೆಳು. ಮಿನೆಸೋಟ ತಂಡ ಐದು ಮತ್ತು ಆರನೆಯ ಸರದಿಗಳಲ್ಲಿ ಬೇರೆ ಇಬ್ಬರು ಗಾರ್ಡುಗಳನ್ನು ಆರಿಸಿದ ಮೇಲೆ ಕರಿ ಏಳನೆಯವರಾದರು.

ಇನ್ನು ಕೆಲವರಿಗೆ ಎಣಿಸಲು ಅಂಕಿಗಳೇ ಇರುವುದಿಲ್ಲ. ಕೈರಿ ಅರ್ವಿಂಗ್ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆಡಿದ್ದು 11 ಪಂದ್ಯ, 2011ರಲ್ಲಿ ಮೊದಲಿಗರು. ಜೇಮ್ಸ್ ವೈಸ್‌ಮನ್ ಮೆಂಫಿಸ್‌ಗೆ ಆಡಿದ್ದು ಮೂರೇ ಪಂದ್ಯ; 2020ರಲ್ಲಿ ಎರಡನೆಯವರು. ಡೇರಿಯಸ್ ಗಾರ್ಲಂಡ್ ಐದು ಪಂದ್ಯ ಆಡಿ 2019ರಲ್ಲಿ ಐದನೆಯವರಾದರು. ‘ಕನಿಷ್ಠ 15 ಪಂದ್ಯ ಆಡಿದವರು’ ಎಂದು ಜರಡಿ ಹಿಡಿಯುವ ಸಂಶೋಧಕ ಇವರೆಲ್ಲರನ್ನೂ ತಾನೇ ಹೊರಗೆ ಹಾಕಿರುತ್ತಾನೆ. ಇಲ್ಲಿ ಅಂಕಿಯ ಕೊರತೆಯೇ ಒಂದು ಮಾಹಿತಿ: ಇಷ್ಟು ಕಡಿಮೆ ಆಡಿಯೂ ಡ್ರಾಫ್ಟಿಗೆ ಹೆಸರು ಕೊಟ್ಟವನು ತನ್ನ ಸ್ಥಾನದ ಬಗ್ಗೆ ಭರವಸೆ ಪಡೆದಿರುತ್ತಾನೆ. ಪ್ರೌಢಶಾಲೆಯ ಕೊನೆಯಲ್ಲಿ ಸಿಕ್ಕ ರ‍್ಯಾಂಕನ್ನು ಪೂರ್ವನಂಬಿಕೆಯಾಗಿಟ್ಟು, ಆಡಿದ ಒಂದೊಂದು ಪಂದ್ಯದಿಂದ ಅದನ್ನು ತಿದ್ದುತ್ತ ಹೋಗುವ ಬೇಸಿಯನ್ ಕ್ರಮ ಇಲ್ಲಿ ಅತ್ಯಂತ ಸೂಕ್ತ.

ಎಲ್ಲ ಚಲಕಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ವಯಸ್ಸಿಗೆ. 2006ರ ಡ್ರಾಫ್ಟಿನಿಂದ ಅಮೆರಿಕದ ಆಟಗಾರನಿಗೆ ಡ್ರಾಫ್ಟಿನ ವರ್ಷ ಮುಗಿಯುವುದರೊಳಗೆ 19 ತುಂಬಬೇಕು, ಪ್ರೌಢಶಾಲೆ ಮುಗಿಸಿ ಒಂದು ವರ್ಷ ಕಳೆದಿರಬೇಕು. 2010ರಿಂದ 2022ರವರೆಗೆ ಮೊದಲ ಸ್ಥಾನ ಪಡೆದ ಹದಿಮೂರೂ ಮಂದಿ ಕಾಲೇಜಿನಲ್ಲಿ ಒಂದೇ ವರ್ಷ ಕಳೆದವರು. ಒಂದೇ ಅಂಕಿಅಂಶ 19ರ ಹುಡುಗನದಾದರೆ ಭರವಸೆ, 22ರವನದಾದರೆ ಬೆಳವಣಿಗೆಯ ಮಿತಿ ಎಂದು ತಂಡಗಳು ಓದುತ್ತವೆ. ಆದರೆ ಈ ಚಲಕದ ಅಡಿಪಾಯವೇ ಈಗ ಅಲುಗುತ್ತಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಯಿತು. ಅವಧಿಗೆ ಮುಂಚೆ ಡ್ರಾಫ್ಟಿಗೆ ಹೆಸರು ಕೊಟ್ಟವರು ಆ ವರ್ಷ 353 ಮಂದಿ ಇದ್ದದ್ದು 2025ರಲ್ಲಿ 106ಕ್ಕೆ ಇಳಿಯಿತು. ಹಳೆಯ ದಶಕದ ದತ್ತಾಂಶದಿಂದ ಕಲಿತ ಮಾದರಿ ಈ ಹೊಸ ಸಂತೆಯಲ್ಲಿ ಹಳೆಯ ಬೆಲೆಯನ್ನೇ ಹೇಳುತ್ತದೆ.

ಹೊರದೇಶದವರ ವಿಷಯದಲ್ಲಿ ಕೊರತೆ ಇನ್ನೂ ಆಳ. 2018ರಲ್ಲಿ ಲೂಕಾ ಡೊನ್ಚಿಚ್ ಯುರೋಲೀಗ್ ಗೆದ್ದ ತಂಡದಲ್ಲಿದ್ದು, ಅಲ್ಲಿನ ಅತ್ಯಮೂಲ್ಯ ಆಟಗಾರನೆಂಬ ಗೌರವದೊಂದಿಗೆ ಬಂದರು. ಆದರೂ ಎರಡು ತಂಡಗಳು ಅವರನ್ನು ದಾಟಿ ಹೋದವು. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಭಮಾರ 2015ರಲ್ಲಿ 52ನೆಯವರಾಗಿ ಆಯ್ಕೆಯಾಗಿ, ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟಿನಲ್ಲಿ ಹೆಸರು ಪಡೆದ ಮೊದಲಿಗರಾದರು. ಅವರು ಕಾಲೇಜಿಗೆ ಆಡಿರಲೇ ಇಲ್ಲ. ಅಮೆರಿಕದ ಕಾಲೇಜು ಅಂಕಿಗಳ ಮೇಲೆ ನಿಂತ ಮಾದರಿಗೆ ಅಂಥವರು ಕಾಣಿಸುವುದೇ ಇಲ್ಲ.

ಸರಿಹೊಂದಿದ್ದನ್ನು ಅಳೆಯುವ ಬಗೆ

ಎನ್‌ಸಿಎಎ ಮೊದಲ ವಿಭಾಗದಲ್ಲಿ 350ಕ್ಕೂ ಹೆಚ್ಚು ತಂಡಗಳು. ತಂಡಕ್ಕೆ 13 ಆಟಗಾರರೆಂದು ಹಿಡಿದರೂ 4,500 ದಾಟುತ್ತದೆ. ಇವರಲ್ಲಿ ‘ಯಾರೂ ಮೊದಲ ಸುತ್ತಿಗೆ ಬರುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳಿದ ಮಾದರಿಯೂ ಶೇ 99ಕ್ಕಿಂತ ಹೆಚ್ಚು ನಿಖರ! ಆದ್ದರಿಂದ ಒಟ್ಟು ನಿಖರತೆಯ ಅಂಕಿ ಇಲ್ಲಿ ನಿರರ್ಥಕ. ಮೂವತ್ತರಲ್ಲಿ ಎಷ್ಟು ಹೆಸರು ಸರಿ ಎಂಬ ಎಣಿಕೆಯೂ ಪೂರ್ತಿ ಸಾಲದು; ಮೊದಲ ಹತ್ತು ಹದಿನೈದು ಹೆಸರುಗಳು ಡ್ರಾಫ್ಟಿನ ಹೊತ್ತಿಗೆ ಬಹುತೇಕ ಎಲ್ಲರಿಗೂ ಗೊತ್ತಿರುತ್ತವೆ. ನಿಜವಾದ ಪರೀಕ್ಷೆ ಇರುವುದು 20ರಿಂದ 40ರ ನಡುವೆ.

ವಿಧಾನದ ಬಗ್ಗೆ ನನ್ನ ಒಂದು ತಕರಾರು ಇದೆ. ಸಾಮಾನ್ಯ ಲಾಜಿಸ್ಟಿಕ್ ಮಾದರಿ ಪ್ರತಿ ಆಟಗಾರನನ್ನೂ ಬೇರೆಯಾಗಿ ತೂಗುತ್ತದೆ. ಆದರೆ ಜಾಗ ಇರುವುದು ಮೂವತ್ತೇ. ಒಬ್ಬ ಒಳಗೆ ಬಂದರೆ ಇನ್ನೊಬ್ಬ ಹೊರಗೆ. ಉಳಿದವರಲ್ಲಿ ಒಬ್ಬರನ್ನು, ಮತ್ತೆ ಉಳಿದವರಲ್ಲಿ ಒಬ್ಬರನ್ನು ಆರಿಸುವ ಕ್ರಮಕ್ಕೆ ಹೇಳಿ ಮಾಡಿಸಿದಂತಿರುವುದು ಲೂಸ್ 1959ರಲ್ಲಿ, ಪ್ಲ್ಯಾಕೆಟ್ 1975ರಲ್ಲಿ ರೂಪಿಸಿದ ಸರದಿ ಆಯ್ಕೆಯ ಮಾದರಿ. ಅದರಲ್ಲಿ ಆ ವರ್ಷದ ಪೈಪೋಟಿ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ. ಮುನ್ನಂದಾಜಿನ ದಿನಾಂಕವನ್ನೂ ನಮೂದಿಸಲೇಬೇಕು. ನವೆಂಬರ್‌ನಲ್ಲಿ ಹೇಳಿದ್ದಕ್ಕೂ ಡ್ರಾಫ್ಟಿನ ಮುನ್ನಾದಿನ ಹೇಳಿದ್ದಕ್ಕೂ ಹೋಲಿಕೆ ಇಲ್ಲ. ಪತ್ರಕರ್ತರ ಅಣಕು ಡ್ರಾಫ್ಟುಗಳನ್ನೂ, ಡ್ರಾಫ್ಟಿನ ರಾತ್ರಿ ಸಭಾಂಗಣದಲ್ಲಿ ಕೂರಲು ಲೀಗ್ ತಂಡಗಳನ್ನು ಕೇಳಿಯೇ ಕೊಡುವ ಆಹ್ವಾನವನ್ನೂ ಚಲಕವಾಗಿ ಬಳಸಿದರೆ ಉತ್ತರಪತ್ರಿಕೆಯ ಅಂಚನ್ನು ನೋಡಿ ಬರೆದಂತೆ.

ಇಷ್ಟೆಲ್ಲ ಕಾಳಜಿ ಯಾಕೆಂದರೆ, ಈ ಗೆರೆ ಡ್ರಾಫ್ಟಿನ ರಾತ್ರಿಗೆ ಮುಗಿಯುವುದಿಲ್ಲ. ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ 1995ರಲ್ಲಿ ತೋರಿಸಿದಂತೆ, ಅಂಗಳದಲ್ಲಿನ ಸಾಧನೆಯನ್ನು ಸರಿದೂಗಿಸಿದ ಮೇಲೂ ಮೇಲಿನ ಸ್ಥಾನದಲ್ಲಿ ಆಯ್ಕೆಯಾದವರಿಗೆ ಹೆಚ್ಚು ಹೊತ್ತು ಆಡಲು ಸಿಗುತ್ತದೆ, ಲೀಗಿನಲ್ಲಿ ಹೆಚ್ಚು ಕಾಲ ಉಳಿಯುತ್ತಾರೆ. ಹೂಡಿದ್ದನ್ನು ಕೈಬಿಡಲು ತಂಡಕ್ಕೆ ಮನಸ್ಸು ಬರುವುದಿಲ್ಲ. ಹೀಗೆ ಆಯ್ಕೆಯೇ ಮುಂದಿನ ಅವಕಾಶವನ್ನು ಹುಟ್ಟಿಸಿ, ಆ ಅವಕಾಶದ ಅಂಕಿಗಳು ಮತ್ತೆ ಆಯ್ಕೆ ಸರಿಯಾಗಿತ್ತೆಂದು ಸಾಕ್ಷಿ ಹೇಳುತ್ತವೆ. ‘ಯಶಸ್ಸ’ನ್ನು ಫಲಿತಾಂಶವಾಗಿಟ್ಟು ಕಟ್ಟುವ ಮಾದರಿಗಳಿಗೆ ಈ ಸುಳಿಯಿಂದ ಬಿಡುಗಡೆ ಕಷ್ಟ. ಎರಡನೆಯ ಸುತ್ತಿನ 35ನೆಯವರಾಗಿ ಬಂದ ಡ್ರೇಮಂಡ್ ಗ್ರೀನ್‌ರಂಥವರು ಗೆದ್ದದ್ದು ಕಾಣಿಸುತ್ತದೆ. ಅಷ್ಟೇ ಬಲ್ಲವರಾಗಿದ್ದು, ನಿಮಿಷಗಳು ಸಿಗದೆ ಮರೆಯಾದವರು ದತ್ತಾಂಶದಲ್ಲಿ ವಿಫಲರೆಂದೇ ಉಳಿಯುತ್ತಾರೆ.

2024ರ ಡ್ರಾಫ್ಟನ್ನು ಎರಡು ದಿನಗಳಿಗೆ ಹಂಚಿದ್ದರು. ಡ್ಯೂಕ್‌ನ ಕೈಲ್ ಫಿಲಿಪೌವ್‌ಸ್ಕಿ ಮೊದಲ ರಾತ್ರಿ ಆಹ್ವಾನಿತರ ಮೇಜಿನಲ್ಲಿ ಮನೆಯವರೊಂದಿಗೆ ಕುಳಿತಿದ್ದರು. ಮೂವತ್ತು ಹೆಸರುಗಳು ಮುಗಿದವು, ಅವರದು ಬರಲಿಲ್ಲ. ಮರುದಿನ 32ನೆಯವರಾಗಿ ಯೂಟಾ ತಂಡ ಸೇರಿದರು. ಅವರಿಗೆ ಹತ್ತರಲ್ಲಿ ಒಂಬತ್ತು ಪಾಲು ಸಂಭವನೀಯತೆ ಕೊಟ್ಟ ಮಾದರಿಯೊಂದು ಇದ್ದರೆ, ಆ ಒಂದು ರಾತ್ರಿಯಿಂದ ಅದು ತಪ್ಪೆಂದು ಹೇಳಲಾಗದು. ಹತ್ತು ಹದಿನೈದು ವರ್ಷಗಳ ಡ್ರಾಫ್ಟುಗಳಲ್ಲಿ ಹಾಗೆ ಒಂಬತ್ತು ಪಾಲು ಪಡೆದವರನ್ನೆಲ್ಲ ಒಂದೆಡೆ ಪಟ್ಟಿ ಮಾಡಿ, ಅವರಲ್ಲಿ ಎಷ್ಟು ಮಂದಿ ಮೇಜಿನಿಂದ ಹೆಸರಿಲ್ಲದೆ ಎದ್ದುಹೋದರು ಎಂದು ಎಣಿಸಬೇಕು. ಪ್ರತಿ ಹತ್ತಕ್ಕೆ ಒಬ್ಬರ ಆಸುಪಾಸಿನಲ್ಲಿದ್ದರೆ ಮಾದರಿಯನ್ನು ಇಟ್ಟುಕೊಳ್ಳಬಹುದು. ಮೂವರಿದ್ದರೆ ಮತ್ತೆ ದತ್ತಾಂಶದ ಮುಂದೆ ಕೂರಬೇಕು.