ಸಿದ್ದಿಗಳ ಕ್ರೀಡಾಶಿಕ್ಷಣ: ಒಂದು ವಿಚಾರ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆ ಮೊದಲಾದ ತಾಲ್ಲೂಕುಗಳ ಅರಣ್ಯಪ್ರಾಂತದಲ್ಲಿ ಸಿದ್ದಿ ಎಂಬ ಜನರು ಬಹುಕಾಲದಿಂದ ನೆಲೆಸಿರುವರು. ಇವರ ಪೂರ್ವಿಕರು ಆಫ್ರಿಕಾ ಖಂಡದವರು; ಇವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತದವರೂ ಉಂಟು. ‘ಸಿದ್ದಿ’ ಶಬ್ದವನ್ನು ಸಂಸ್ಕೃತದ ‘ಸಿದ್ಧಿ’ಯೊಡನೆ ಕೂಡಿಸಿ ಅರ್ಥಮಾಡುವುದು ಸಲ್ಲದು. ಒಡೆಯನೆಂಬ ಅರ್ಥದ ಅರಬ್ಬೀ ‘ಸಯ್ಯಿದ್’ ಶಬ್ದದಿಂದ ಇದು ಬಂದಿತೆಂಬ ಮತವೇ ವಿದ್ವಾಂಸರಲ್ಲಿ ಪ್ರಚುರವಾಗಿದೆ. ದಾಸರಾಗಿ ಬಂದವರಿಗೆ ಒಡೆಯನ ಹೆಸರು ನಿಂತುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ದಖ್ಖಣದ ಇತಿಹಾಸದಲ್ಲಿ ಹಬಸಿ ಸರದಾರರು ಪ್ರಸಿದ್ಧರು. ಅಹಮದನಗರದ ಮಲಿಕ್ ಅಂಬರನೂ (ಮರಣ 1626), ಬಿಜಾಪುರದ ಮಹಮ್ಮದ್ ಆದಿಲಶಾಹನ ಮಂತ್ರಿ ಇಖ್ಲಾಸ್ ಖಾನನೂ, 1660ರಲ್ಲಿ ಪನ್ಹಾಳದುರ್ಗವನ್ನು ಮುತ್ತಿದ ಸಿದ್ದಿ ಜೌಹರನೂ ಇವರಲ್ಲಿ ಮುಖ್ಯರು. ಆದರೆ ಕಾಡಿನ ಸಿದ್ದಿಗಳನ್ನು ಈ ಸರದಾರರ ಸಂತತಿಯೆಂದು ಹೇಳಿಬಿಡುವುದು ಸಾಹಸವೇ ಸರಿ. ಇವರ ಹಿರಿಯರಲ್ಲಿ ಬಹುಮಂದಿ ಪೋರ್ಚುಗೀಸರಿಂದ ಗೋವೆಗೆ ದಾಸರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರು.

1987ರಲ್ಲಿ, ಶ್ರೀಮತಿ ಮಾರ್ಗರೆಟ್ ಆಳ್ವಾ ಅವರು ಕೇಂದ್ರದಲ್ಲಿ ಕ್ರೀಡಾಖಾತೆಯ ಮಂತ್ರಿಗಳಾಗಿದ್ದಾಗ, ಭಾರತ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಬಾಲಕಬಾಲಿಕೆಯರನ್ನು ಆಯ್ದು ಓಟ ಮೊದಲಾದುವುಗಳಲ್ಲಿ ಶಿಕ್ಷಣ ಕೊಡಿಸಿತು. ಇದರ ಮೂಲದಲ್ಲಿದ್ದ ಅನುಮಾನವನ್ನು ನಮ್ಮ ತರ್ಕಶಾಸ್ತ್ರದ ರೀತಿಯಲ್ಲಿ ಬಿಡಿಸಿ ಹೇಳಬಹುದು: ‘ಸಿದ್ದಿಗಳು ಓಟದಲ್ಲಿ ಸಮರ್ಥರು, ಆಫ್ರಿಕಾ ವಂಶದವರಾದುದರಿಂದ, ಕೀನ್ಯದ ಓಟಗಾರರಂತೆ.’ ಈ ಹೇತು ಸವ್ಯಭಿಚಾರ. ಕೀನ್ಯದ ಪ್ರಖ್ಯಾತ ಓಟಗಾರರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ನೆಲದ ಕಲೆಂಜಿನ್ ಜನ; ಸಿದ್ದಿಗಳದ್ದಾದರೋ ಬಹುಮಟ್ಟಿಗೆ ಬಂಟು ಮೂಲವೆಂದು ವಂಶವಾಹಿ ಸಂಶೋಧಕರು ಕಂಡುಕೊಂಡಿದ್ದಾರೆ. ಖಂಡವೊಂದಾದ ಮಾತ್ರಕ್ಕೆ ಕಾಲಿನ ಬಲವೂ ಒಂದೇ ಆಗದು. ಹಾಗಿದ್ದರೂ ಆ ಮಕ್ಕಳು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದರು. ಇದಕ್ಕೆ ಊಟ, ವಸತಿ, ಗುರು, ಅಭ್ಯಾಸ ಇವೇ ಕಾರಣವೆಂದು ನಾನು ಭಾವಿಸುತ್ತೇನೆ. ವಂಶವೇ ಕಾರಣವಾಗಿದ್ದರೆ ಯೋಜನೆಯು 1993ರಲ್ಲಿ ನಿಂತ ಮೇಲೂ ಪದಕಗಳು ಹಾಗೆಯೇ ಬರುತ್ತಿರಬೇಕಾಗಿತ್ತು.

ಇದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುದು 2003ರಲ್ಲಿ. ಓಡಲು ಕರೆಯಿಸಿಕೊಂಡ ಮಕ್ಕಳಿಗೆ ಆ ವರ್ಷಗಳಲ್ಲಿ ಕಾಲೇಜಿನ ಪ್ರವೇಶಕ್ಕಾಗಲಿ ಉದ್ಯೋಗಕ್ಕಾಗಲಿ ಆ ಪಟ್ಟಿಯ ಆಸರೆ ಇರಲಿಲ್ಲ. ಯೋಜನೆಯು ಮುಗಿದೊಡನೆ ಅನೇಕರು ಕಾಡಿನ ಹಳ್ಳಿಗೇ ಹಿಂದಿರುಗಿದರು.

ಅಮೆರಿಕೆಯಲ್ಲಿ ಕ್ರಮವು ಬೇರೆಯಾಗಿತ್ತು. ದಾಸ್ಯವಿಮೋಚನೆಯ ಬೆನ್ನಿಗೇ ಕರಿಯರಿಗಾಗಿ ಫಿಸ್ಕ್ (1866), ಹೋವರ್ಡ್ (1867) ಮೊದಲಾದ ವಿದ್ಯಾಲಯಗಳು ಹುಟ್ಟಿದುವು. ಈಚೆಗೆ ಇಂಥ ವಿದ್ಯಾಲಯಗಳಲ್ಲಿ ಕೆಲವು ಗಣಕಯಂತ್ರದ ಮೇಲೆ ಆಡುವ ಇ-ಕ್ರೀಡೆಗಳಿಗೆ ತಂಡಗಳನ್ನು ಕಟ್ಟಿ, ಆಟದೊಡನೆ ಆಟವನ್ನು ರಚಿಸುವ ವಿದ್ಯೆಯನ್ನೂ ಪಾಠದಲ್ಲಿ ಸೇರಿಸಿವೆ. ಅಲ್ಲಿ ವಿದ್ಯಾಲಯ ಮೊದಲು, ಕ್ರೀಡೆ ಅನಂತರ. ಸೋತ ವಿದ್ಯಾರ್ಥಿಯೂ ಪದವೀಧರನಾಗಿಯೇ ಹೊರಬೀಳುತ್ತಾನೆ. ನಮ್ಮಲ್ಲಿಯೂ 2022ರ ಡಿಸೆಂಬರಿನಲ್ಲಿ ಕೇಂದ್ರಸರ್ಕಾರವು ಇ-ಕ್ರೀಡೆಯನ್ನು ಕ್ರೀಡಾಖಾತೆಗೆ ವಹಿಸಿತು.

ಈ ಮಾತು ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯವರಿಗೆ ದೂರದ್ದಲ್ಲ. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿದವರು ಕುರುಬರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಅನಂತರ ಆ ನೆಲವು ಕಬಿನಿಯ ನೀರಿನಲ್ಲಿ ಮುಳುಗಿತು. ದಸರೆಯ ಆನೆಗಳಿಗೆ ಇಂದಿಗೂ ಜೇನುಕುರುಬರಲ್ಲಿ ಹಲವರು ಮಾವುತರು, ಕಾವಾಡಿಗಳು. ಅರಮನೆಯ ಮೆರವಣಿಗೆಯಲ್ಲಿ ಈ ಕೌಶಲವನ್ನು ಕಂಡು ಹೊಗಳದವರಿಲ್ಲ. ಅದನ್ನು ವಿದ್ಯೆಯೆಂದು ಎಣಿಸಿದ ಶಾಲೆ ಮಾತ್ರ ಅಪೂರ್ವ. ಹಾಡಿಯ ಹುಡುಗನನ್ನು ‘ಕಾಡಿನವನು, ಚೆನ್ನಾಗಿ ಓಡುವನು’ ಎಂದು ಕ್ರೀಡಾತಂಡಕ್ಕೆ ಕರೆಯುವ ಕಾಲೇಜು, ಅವನ ಹೆಸರನ್ನು ತಂಡದ ಪಟ್ಟಿಯಲ್ಲಿ ಬರೆಯುವ ಮೊದಲು ತರಗತಿಯ ಹಾಜರಿ ಪುಸ್ತಕದಲ್ಲಿ ಬರೆಯಬೇಕು. ಸಿದ್ದಿಗಳ ವಿಷಯದಲ್ಲಿ ನಡೆಯದೆ ಉಳಿದುದು ಇಷ್ಟೇ. ಈಚಿನ ವರ್ಷಗಳಲ್ಲಿ ಮುಂಡಗೋಡ ಸೀಮೆಯಲ್ಲಿ ಖಾಸಗಿ ಸಂಸ್ಥೆಯೊಂದು ಸಿದ್ದಿ ಮಕ್ಕಳಿಗೆ ಓಟದ ಶಿಕ್ಷಣವನ್ನು ಮತ್ತೆ ಆರಂಭಿಸಿದೆ. 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮನಿರ್ದೇಶಿತರಾದರು. ಆ ಜನಾಂಗದಿಂದ ಶಾಸನಸಭೆಯನ್ನು ಹೊಕ್ಕವರಲ್ಲಿ ಇವರೇ ಮೊದಲಿಗರು.