ನೋವಿಗೆ ಮಂಚವಲ್ಲ, ನಡಿಗೆ

ಸೊಂಟ ಹಿಡಿದವರಿಗೆ ಮೊದಲ ಸಲಹೆ ಇಂದಿಗೂ ಮನೆಯವರಿಂದಲೇ ಬರುತ್ತದೆ: 'ಅಲುಗಾಡಬೇಡ, ಸುಮ್ಮನೆ ಮಲಗು.' ಬಹುಕಾಲ ವೈದ್ಯರು ಹೇಳುತ್ತಿದ್ದುದೂ ಇದನ್ನೇ. ಈ ಮಾತು ತಲೆಕೆಳಗಾದ ಬಗೆ ಕುತೂಹಲಕರ.

ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಜಾನ್ ಬೊನಿಕಾ, ವೈದ್ಯ ಶಿಕ್ಷಣದ ಖರ್ಚಿಗಾಗಿ ಕುಸ್ತಿಯ ಕಣಕ್ಕಿಳಿದವರು. ಅಲ್ಲಿನ ಪೆಟ್ಟುಗಳು ಜೀವನವಿಡೀ ಅವರನ್ನು ಕಾಡಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಾಗಿದ್ದಾಗ, ಗಾಯ ಮಾಗಿದರೂ ನೋವು ಬಿಡದ ಸೈನಿಕರನ್ನು ಕಂಡರು. ಇಂಥ ನೋವು ಒಬ್ಬ ವೈದ್ಯನ ಕೈಗೆ ಬಗ್ಗದು, ಹಲವು ತಜ್ಞರು ಕೂಡಿ ನೋಡಬೇಕು ಎಂಬುದು ಅವರ ನಿಲುವು. 1953ರಲ್ಲಿ ನೋವಿನ ನಿರ್ವಹಣೆ ಕುರಿತು ಬೃಹತ್ ಗ್ರಂಥ ಹೊರತಂದ ಅವರು, 1960ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿಯೇ ಇದ್ದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಇನ್ನೊಂದು ಅಂಶ ಗಮನಿಸಿದರು. ನೋವೆಂದಾಗಲೆಲ್ಲ ಮಾತ್ರೆ, ವಿಶ್ರಾಂತಿ, ಅನುಕಂಪ ದೊರೆತರೆ ರೋಗಿ ಕ್ರಮೇಣ ಹಾಸಿಗೆಗೆ ಅಂಟಿಕೊಳ್ಳುತ್ತಾನೆ. ದುಡಿಯದ ಸ್ನಾಯು ಸೊರಗುತ್ತದೆ. ಅವರು ಈ ಕ್ರಮವನ್ನೇ ತಿರುಗಿಸಿದರು. ನೋವು ತಡೆಯುವವರೆಗೆ ರೋಗಿ ಎಷ್ಟು ವ್ಯಾಯಾಮ ಮಾಡಬಲ್ಲನೆಂದು ಮೊದಲು ಅಳೆಯುವುದು. ಅದಕ್ಕಿಂತ ತುಸು ಕಡಿಮೆಯಿಂದ ಆರಂಭಿಸಿ ಮೆಲ್ಲನೆ ಏರಿಸುವುದು. ಉದಾಹರಣೆಗೆ, ಹತ್ತು ಸಲ ಕಾಲೆತ್ತಬಲ್ಲವನಿಗೆ ಮೊದಲು ಎಂಟೇ ಸಲ. ವಿಶ್ರಾಂತಿ ಸಿಗುವುದು ನೋವು ಬಂದಾಗಲ್ಲ, ನಿಗದಿತ ಲೆಕ್ಕ ಮುಗಿದಾಗ. ಹಳೆಯ ನೋವೆಲ್ಲ ಹೊಸ ಹಾನಿಯ ಸೂಚನೆಯಲ್ಲ ಎಂಬುದೇ ಇದರ ತಿರುಳು.

ಹೊಸದಾಗಿ ಬಂದ ಬೆನ್ನುನೋವಿನಲ್ಲೂ ಮಂಚದ ಮಹಿಮೆ ಕುಗ್ಗಿತು. 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 203 ರೋಗಿಗಳಿದ್ದರು. ಏಳು ದಿನ ಮಲಗಲು ಹೇಳಿಸಿಕೊಂಡವರಿಗಿಂತ ಎರಡೇ ದಿನ ಮಲಗಲು ಹೇಳಿಸಿಕೊಂಡವರು ಕಳೆದುಕೊಂಡ ಕೆಲಸದ ದಿನಗಳು ಶೇ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿಯ ಅಧ್ಯಯನ, ಸಾಧ್ಯವಾದಷ್ಟು ನಿತ್ಯದ ಕೆಲಸ ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರೆಂದು ತೋರಿಸಿತು.

2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಬೆನ್ನುನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಶಿಫಾರಸು ಮಾಡಿದೆ. ನಮ್ಮಲ್ಲಿ ಚಿರಪರಿಚಿತವಾದ ಸೊಂಟದ ಬೆಲ್ಟ್, ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸಬಾರದೆಂದಿದೆ.

ಹಾಗೆಂದು ನೋವನ್ನು ಕಡೆಗಣಿಸುವಂತಿಲ್ಲ. ಕಾಲು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ವೈದ್ಯರನ್ನು ಕಾಣಲೇಬೇಕು. ಉಳಿದಂತೆ, ತಿಂಗಳುಗಟ್ಟಲೆ ನೋಯುತ್ತಿರುವವರಿಗೆ ಮನೆಯವರು ಹೇಳಬೇಕಾದ ಮಾತು 'ಮಲಗು' ಎಂದಲ್ಲ. 'ಬಾ, ಬಾಗಿಲವರೆಗೆ ನಡೆಯೋಣ' ಎಂದು.