ಗುಜರಿಯಿಂದ ಎದ್ದ ಲಿಬರೇಟರ್

ಅಮೇರಿಕದಲ್ಲಿ ಹಳೆಯ ವಿಮಾನಗಳ ಜಾತ್ರೆಯೇ ನಡೆಯುತ್ತದೆ. ವಿಸ್ಕಾನ್ಸಿನ್ ಪ್ರಾಂತದ ಆಷ್‌ಕಾಷ್ ಎಂಬ ಊರಿನಲ್ಲಿ ಬೇಸಿಗೆಗೊಮ್ಮೆ ಕೂಡುವ ಜನಸಂದಣಿಯನ್ನು ಕಂಡರೆ ನಮ್ಮ ಕಡೆಯವರಿಗೆ ಬನಶಂಕರಿಯ ಜಾತ್ರೆ ನೆನಪಾದೀತು. ತೇರಿನ ಬದಲು ಅಲ್ಲಿ ವಿಮಾನ, ಅಷ್ಟೆ. ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದಿನ ಮೇಲಿಂದಲೇ ವಿಮಾನದ ಹೆಸರು ಹೇಳಬಲ್ಲ ಭಕ್ತರೂ ಆ ಜಾತ್ರೆಯಲ್ಲಿ ಇರುತ್ತಾರೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ನಾವು ನಗಬಹುದು. ಆದರೆ ಅವರ ನೆನಪುಗಳಲ್ಲಿ ನಮ್ಮ ನಾಡಿನ ಪಾಲೂ ಇದೆಯೆಂಬುದನ್ನು ತಿಳಿದರೆ ಆ ನಗು ಸ್ವಲ್ಪ ಗಂಭೀರವಾದೀತು.

೧೯೮೯ರಿಂದ ಮೂವತ್ತು ವರ್ಷ ಇಂಥ ಪ್ರದರ್ಶನಗಳಿಗೆ ಬರುತ್ತಿದ್ದ ಒಂದು ವಿಮಾನದ ಸಂಗತಿಯಿದು. ಅದರ ಜಾತಿ ಬಿ-೨೪ ಲಿಬರೇಟರ್. ನಾಲ್ಕು ಎಂಜಿನ್ನು, ಒಂದೊಂದಕ್ಕೆ ೧೨೦೦ ಅಶ್ವಶಕ್ತಿ; ರೆಕ್ಕೆಯ ತುದಿಯಿಂದ ತುದಿಗೆ ೧೧೦ ಅಡಿ; ಬಾಲದಲ್ಲಿ ಎರಡು ದೊಡ್ಡ ಕಿವಿಗಳಂತೆ ಎದ್ದು ನಿಂತ ಹಲಗೆಗಳು. ಚೆಲುವಿಕೆಯಲ್ಲಿ ಇದು ಹಿಂದೆಯೇ. ಇದರಲ್ಲಿ ಹಾರಿದ ಸೈನಿಕರೇ ಇದನ್ನು ಹಾರುವ ಗೂಡ್ಸ್ ಡಬ್ಬಿ ಎಂದು ಗೇಲಿ ಮಾಡುತ್ತಿದ್ದರಂತೆ. ಗದಗ-ಹುಟಗಿ ಮಾರ್ಗದಲ್ಲಿ ಹೊಳೆಆಲೂರಿನ ಸ್ಟೇಶನ್ನಿನ ಬದಿಗೆ ನಿಂತ ಸರಕಿನ ಡಬ್ಬಿಗಳನ್ನು ನೋಡುತ್ತ ಬೆಳೆದ ನಮ್ಮಂಥವರಿಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಥ ಹದಿನೆಂಟು ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿದರು. ಈ ಶತಮಾನದ ಆರಂಭದ ಹೊತ್ತಿಗೆ ಹಾರುವ ಸ್ಥಿತಿಯಲ್ಲಿ ಉಳಿದವು ಎರಡೇ ಎರಡು.

ಆ ಎರಡರಲ್ಲಿ ಒಂದು ಇಳಿದಲ್ಲೆಲ್ಲ ಮುಪ್ಪಿನ ಯೋಧರು ಮೊಮ್ಮಕ್ಕಳ ಕೈಹಿಡಿದು ಬರುತ್ತಿದ್ದರು. ಇಪ್ಪತ್ತರ ವಯಸ್ಸಿನಲ್ಲಿ ತಾವು ಬಂದೂಕು ಹಿಡಿದು ಮುದುರಿ ಕುಳಿತ ಸಂದಿಯನ್ನು ಬೆರಳಿಟ್ಟು ತೋರಿಸುತ್ತಿದ್ದರು. ಇದು ನಮ್ಮ ಟೆಕ್ಸಾಸಿನ ಮಗು ಎಂದು ಅಮೇರಿಕದವರು ಹೆಮ್ಮೆಪಟ್ಟರೆ ತಪ್ಪಿಲ್ಲ. ೧೯೪೪ರ ಆಗಸ್ಟಿನಲ್ಲಿ ಅದು ಹುಟ್ಟಿದ್ದು ಟೆಕ್ಸಾಸಿನ ಫೋರ್ಟ್‌ವರ್ತ್ ಕಾರಖಾನೆಯಲ್ಲಿಯೇ. ಆದರೆ ಅದಕ್ಕೆ ಪುನರ್ಜನ್ಮವಾದದ್ದು ಭಾರತದಲ್ಲಿ. ಅಭಿಮಾನಿಗಳು ಹೇಳುವ ಕಥೆಯಲ್ಲಿ ಈ ಭಾಗ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ನಮಗೆ ಮುಖ್ಯವಾದದ್ದು ಆ ಸಾಲೇ.

ಲೆಂಡ್-ಲೀಸ್ ಎಂಬ ಕರಾರಿನ ಮೇರೆಗೆ ಅಮೇರಿಕ ಬ್ರಿಟನ್ನಿಗೆ ಈ ವಿಮಾನಗಳನ್ನು ಕಡವಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೆ ಕೆಲಸಕ್ಕೆ ಬಾರದಂತೆ ಕೆಡಿಸಬೇಕು. ನಮ್ಮ ದೇಶದಲ್ಲಿದ್ದ ಲಿಬರೇಟರುಗಳನ್ನು ಬ್ರಿಟಿಷ್ ವಾಯುಸೇನೆ ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿ ಎರಡನೆಯ ದಾರಿಯನ್ನು ಹಿಡಿಯಿತು. ಸಲಕರಣೆಗಳನ್ನು ಒಡೆದರು, ಮೈಗೆ ತೂತು ಕೊರೆದರು, ಎಂಜಿನ್ನುಗಳೊಳಗೆ ಮರಳು ಸುರಿದರು. ನೂರರ ಸಮೀಪ ವಿಮಾನಗಳು ಮಳೆಬಿಸಿಲಿಗೆ ಮೈಯೊಡ್ಡಿ ಗುಜರಿಯಾಗಿ ಬಿದ್ದವು. ಇನ್ನು ಇವು ಹಾರಲಾರವೆಂದು ನಂಬಿಯೇ ಬ್ರಿಟಿಷರು ಹೊರಟುಹೋದರು.

ಸ್ವಾತಂತ್ರ್ಯ ಬಂದಿತು, ಬೆನ್ನಿಗೇ ಕಾಶ್ಮೀರದ ಯುದ್ಧವೂ ಬಂದಿತು. ನಮ್ಮ ವಾಯುಸೇನೆಯ ಬಳಿ ಭಾರಿ ಬಾಂಬರು ಒಂದೂ ಇರಲಿಲ್ಲ. ಸರಕು ಸಾಗಿಸುವ ಡಕೋಟಾದ ಬಾಗಿಲಿನಿಂದ ಕೈಯಿಂದಲೇ ಬಾಂಬು ಉರುಳಿಸಿದ ಪ್ರಸಂಗಗಳು ನಡೆದವು. ಹೊರಗಿನಿಂದ ಕೊಳ್ಳೋಣವೆಂದರೆ ಹೊಸ ಸರಕಾರದ ಕೈಯಲ್ಲಿ ಹಣ ಅಷ್ಟಕ್ಕಷ್ಟೆ. ಆಗ ಕಾನ್ಪುರದ ಗುಜರಿಯ ಮೇಲೆ ಕಣ್ಣು ಬಿತ್ತು. ೧೯೪೮ರಲ್ಲಿ ಅದನ್ನು ಪರೀಕ್ಷಿಸುವ ಕೆಲಸ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯ ಪಾಲಿಗೆ ಬಂದಿತು.

ಬೆಂಗಳೂರಿಗೆ ಈ ಕೆಲಸ ತೀರ ಹೊಸದಾಗಿರಲಿಲ್ಲ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಸ್ಥಾಪಿಸಿದ ಈ ಕಾರಖಾನೆ ೧೯೪೩ರಲ್ಲಿ ಅಮೇರಿಕದ ವಾಯುಸೇನೆಯ ಕೈಗೆ ಹೋಗಿ, ಯುದ್ಧ ಮುಗಿಯುವವರೆಗೆ ದೊಡ್ಡ ದುರಸ್ತಿಯ ನೆಲೆಯಾಗಿತ್ತು. ಕ್ಯಾಟಲಿನಾ ಎಂಬ ನೀರಿನ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಅಲ್ಲಿಂದ ದುರಸ್ತಿಗೆ ಬರುತ್ತಿದ್ದವು. ಆ ಕೆರೆಯ ಈಗಿನ ನೊರೆಯನ್ನು ಬಲ್ಲವರು ಈ ಮಾತನ್ನು ನಂಬಲಿಕ್ಕಿಲ್ಲ! ಸಾವಿರಾರು ಸ್ಥಳೀಯ ಕೆಲಸಗಾರರು ಆ ವರ್ಷಗಳಲ್ಲಿ ಅಮೇರಿಕದ ವಿಮಾನಗಳ ನರನಾಡಿಗಳನ್ನು ಕೈಯಿಂದ ಮುಟ್ಟಿ ಕಲಿತಿದ್ದರು. ಆ ಕಲಿಕೆ ಈಗ ಬಳಕೆಗೆ ಬಂದಿತು.

ಕಾನ್ಪುರಕ್ಕೆ ಹೋದ ತಂಡ ಮಾಡಿದ್ದು ಸರಳ ಲೆಕ್ಕ. ಒಂದರ ರೆಕ್ಕೆ, ಇನ್ನೊಂದರ ಎಂಜಿನ್ನು, ಮತ್ತೊಂದರ ಗಾಲಿ ಕೂಡಿಸಿದರೆ ಒಂದು ವಿಮಾನವಾದೀತು. ಅದು ಒಂದೇ ಒಂದು ಸಲ ಹಾರಿದರೆ ಸಾಕು; ಬೆಂಗಳೂರು ತಲುಪಿದ ಮೇಲೆ ಸಾವಕಾಶವಾಗಿ ಬಿಚ್ಚಿ ಸರಿಪಡಿಸಬಹುದು. ಹೀಗೆ ತೇಪೆ ಹಾಕಿದ ವಿಮಾನಗಳನ್ನು ಕಾನ್ಪುರದಿಂದ ಬೆಂಗಳೂರಿಗೆ, ಸುಮಾರು ೧೫೦೦ ಕಿಲೋಮೀಟರು ದೂರ, ಹಾರಿಸಿಕೊಂಡು ಬಂದವರು ಕಾರಖಾನೆಯ ಪೈಲಟ್ ಕ್ಯಾಪ್ಟನ್ ಜಮಶೇದ್ ಮುನ್ಶಿ. ಒಂದಲ್ಲ, ಎರಡಲ್ಲ, ಸುಮಾರು ನಲವತ್ತು ಸಲ. ಪ್ರತಿಸಲವೂ ವಿಮಾನ ಬೇರೆ, ಅದರ ರೋಗವೂ ಬೇರೆ. ಇದೇ ಮುನ್ಶಿಯವರು ೧೯೫೧ರ ಆಗಸ್ಟಿನಲ್ಲಿ, ಡಾ. ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-೨ ತರಬೇತಿ ವಿಮಾನವನ್ನು ಮೊಟ್ಟಮೊದಲು ಹಾರಿಸಿದರು. ಚರಿತ್ರೆಯ ಪುಸ್ತಕಗಳು ಅವರನ್ನು ನೆನೆಯುವುದು ಆ ಎರಡನೆಯ ಸಾಹಸಕ್ಕಾಗಿ. ನನ್ನ ಮಟ್ಟಿಗೆ ಮೊದಲಿನದೇ ಹೆಚ್ಚಿನದು.

೧೯೪೮ರ ನವೆಂಬರಿನಲ್ಲಿ ವಾಯುಸೇನೆಯ ಐದನೆಯ ಸ್ಕ್ವಾಡ್ರನ್ ಈ ಲಿಬರೇಟರುಗಳಿಂದಲೇ ಕಟ್ಟಲ್ಪಟ್ಟಿತು. ಮುಂದೆ ಆರನೆಯ ಸ್ಕ್ವಾಡ್ರನ್ ಅವನ್ನು ಸಮುದ್ರದ ಮೇಲಣ ಕಾವಲಿಗೆ ಬಳಸಿತು. ಉಳಿದ ಜಗತ್ತು ಜೆಟ್ ಯುಗಕ್ಕೆ ಕಾಲಿಟ್ಟು, ಲಿಬರೇಟರುಗಳನ್ನು ಕರಗಿಸಿ ಅಲ್ಯೂಮಿನಿಯಂ ಮಾಡಿಕೊಂಡಿತ್ತು. ನಮ್ಮಲ್ಲಿ ಮಾತ್ರ ಅವು ೧೯೬೮ರ ಕೊನೆಯವರೆಗೆ ದುಡಿದವು. ಬಡತನದ ಮಿತವ್ಯಯವೆಂದು ಯಾರಾದರೂ ಹೇಳಲಿ. ಬೇರೆಡೆ ಅಳಿದ ಜಾತಿ ಉಳಿದದ್ದು ಆ ಮಿತವ್ಯಯದಿಂದಲೇ.

ಆಗ ಹೊರದೇಶದ ವಸ್ತುಸಂಗ್ರಹಾಲಯಗಳ ಸಾಲು ನಮ್ಮ ಬಾಗಿಲಿಗೆ ಬಂದಿತು. ಕೆನಡಾ ಒಂದನ್ನು ಪಡೆದು ಬದಲಿಗೆ ಲೈಸಾಂಡರ್ ಎಂಬ ಹಳೆಯ ವಿಮಾನವನ್ನು ನಮಗೆ ಕೊಟ್ಟಿತು. ೧೯೬೯ರಲ್ಲಿ ಒಂದು ಪುಣೆಯಿಂದ ಆರಿಜೋನಾದ ಟೂಸಾನ್‌ವರೆಗೆ ಹಾರಿಕೊಂಡೇ ಹೋಯಿತು. ೧೯೭೪ರಲ್ಲಿ ಇನ್ನೊಂದು ಬ್ರಿಟನ್ನಿಗೆ ಹೋಯಿತು. ಒಡೆದು ಹೋದವರ ಮನೆಗೇ ಒಡೆದ ವಸ್ತು ದುರಸ್ತಿಯಾಗಿ ಮರಳಿದಂತಾಯಿತು. ದಿಲ್ಲಿಯ ಪಾಲಮಿನ ವಾಯುಸೇನಾ ಸಂಗ್ರಹಾಲಯದಲ್ಲಿ ಒಂದನ್ನು ನಮಗಾಗಿ ಉಳಿಸಿಕೊಂಡರು.

ಆಷ್‌ಕಾಷಿನ ಜಾತ್ರೆಯ ವಿಮಾನ ಮಾತ್ರ ಇಲ್ಲಿಯೇ ಹದಿಮೂರು ವರ್ಷ ಬಿದ್ದುಕೊಂಡಿತ್ತು. ೧೯೮೧ರಲ್ಲಿ ಬ್ರಿಟನ್ನಿನ ಸಂಗ್ರಾಹಕನೊಬ್ಬ ಅದನ್ನು ಕೊಂಡು, ಬಿಡಿಬಿಡಿಯಾಗಿ ಕಳಚಿ ಒಯ್ದ. ೧೯೮೪ರಲ್ಲಿ ಅಮೇರಿಕದ ಕಾಲಿಂಗ್ಸ್ ಪ್ರತಿಷ್ಠಾನ ಅದನ್ನು ಕೊಂಡಿತು. ಅಲ್ಲಿ ಐದು ವರ್ಷ, ಸುಮಾರು ೯೭ ಸಾವಿರ ಗಂಟೆಗಳ ದುಡಿಮೆ. ನಾಲ್ಕು ಲಕ್ಷಕ್ಕೂ ಮಿಕ್ಕಿದ ರಿವೆಟ್ಟುಗಳ ಬದಲಾವಣೆ. ಹಣವಿದ್ದವರ ಶ್ರದ್ಧೆಯೂ ಶ್ರದ್ಧೆಯೇ, ಅದನ್ನು ಅಲ್ಲಗಳೆಯಬಾರದು. ಆದರೆ ಎರಡು ದುರಸ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಒಂದು ನೆನಪಿಗಾಗಿ, ಇನ್ನೊಂದು ನಿರ್ವಾಹವಿಲ್ಲದ್ದಕ್ಕಾಗಿ.

೧೯೮೯ರಲ್ಲಿ ಮತ್ತೆ ಹಾರಿದ ಅದಕ್ಕೆ ಮೊದಲು ಆಲ್ ಅಮೇರಿಕನ್ ಎಂದು ಹೆಸರಿಟ್ಟರು. ೨೦೦೫ರಿಂದ ವಿಚ್‌ಕ್ರಾಫ್ಟ್, ಎಂದರೆ ಮಾಟಗಾತಿಯ ವಿದ್ಯೆ. ಹಣ ಕೊಟ್ಟವರು ಅದರಲ್ಲಿ ಕುಳಿತು ಹಾರಬಹುದಿತ್ತು. ೨೦೧೯ರ ಅಕ್ಟೋಬರಿನಲ್ಲಿ ಅದೇ ಪ್ರತಿಷ್ಠಾನದ ಬಿ-೧೭ ವಿಮಾನವೊಂದು ಅಪಘಾತಕ್ಕೀಡಾಗಿ ಏಳು ಜನ ಸತ್ತರು. ಮುಂದಿನ ಮಾರ್ಚಿನಲ್ಲಿ ಸರಕಾರ ಪ್ರಯಾಣಿಕರನ್ನು ಹೊರುವ ಅನುಮತಿಯನ್ನು ಹಿಂತೆಗೆದುಕೊಂಡಿತು. ಊರೂರು ತಿರುಗುವ ಯಾತ್ರೆ ಅಲ್ಲಿಗೆ ನಿಂತಿತು.